ಕಿತ್ತಳೆ ಪಟ್ಟಿ ನನ್ನದು

೧೯೯೧ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ತರಗತಿ. ದಸರಾ ರಜೆ ಮುಗಿದ ದಿನ ಭದ್ರಾವತಿಯಲ್ಲಿ ಜೊತೆಯ ಹುಡುಗರೆಲ್ಲ ಚೀಲ ನೇತುಹಾಕಿಕೊಂಡು ಶಾಲೆಗೆ ಹೋದರು, ನಾನು ಕಬ್ಬಿಣದ ಗೇಟು ಮಾಡುವ ಅಂಗಡಿಗೆ ಹೋದೆ. ಮನೆಯ ಕಷ್ಟಕ್ಕೆ ಬಿಟ್ಟೆ ಎಂದು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಮನೆಯಲ್ಲಿ ಅಂಥ ಕಷ್ಟವೇನೂ ಇರಲಿಲ್ಲ. ಇಂಗ್ಲಿಷ್ ಮೇಷ್ಟ್ರು ನನ್ನನ್ನು ಎದ್ದು ನಿಲ್ಲಿಸಿ ಒಂದು ಸಾಲು ಓದಲು ಹೇಳಿದ್ದರು, ಓದಲಾಗಲಿಲ್ಲ, ಹಿಂದಿನ ಬೆಂಚಿನಿಂದ ಯಾರೋ ನಕ್ಕರು. ಇನ್ನೊಮ್ಮೆ ಅಲ್ಲಿ ಎದ್ದು ನಿಲ್ಲುವುದು ಬೇಡ ಅನ್ನಿಸಿತು. ಅಷ್ಟೇ ನಡೆದದ್ದು.

ವೆಲ್ಡಿಂಗ್ ಕೈ ಹಿಡಿಯಿತು. ಗೇಟಿನಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಪೈಪಿಗೆ ಹೋದೆ. ಒಬ್ಬ ಕಂಟ್ರಾಕ್ಟರನ ಜೊತೆ ಕೊಚ್ಚಿಯ ಏಲೂರಿಗೆ ಬಂದವನು, ಅಲ್ಲಿನ ಕಾರ್ಖಾನೆಗಳ ವಾರ್ಷಿಕ ರಿಪೇರಿ ಕೆಲಸ ಮಾಡುತ್ತಾ ಅಲ್ಲೇ ನಿಂತೆ. ಆಮೇಲೆ ಒಂದು ತರಬೇತಿ ಕೇಂದ್ರದವರು ಕರೆದು ಕಲಿಸುವ ಕೆಲಸ ಕೊಟ್ಟರು. ಮಲಯಾಳಿಗಳು ಕಲಿಸುವವನನ್ನು ಆಶಾನ್ ಅನ್ನುತ್ತಾರೆ. ಶಾಲೆ ಬಿಟ್ಟವನಿಗೆ 'ರುದ್ರೇಶ್ ಆಶಾನ್' ಎಂದು ಕರೆಸಿಕೊಳ್ಳುವುದು ಎಷ್ಟು ರುಚಿ ಎಂದು ಓದಿದವರಿಗೆ ಹೇಳಿ ತಿಳಿಸಲಾರೆ.

ಹೋದ ತಿಂಗಳು ಕೇಂದ್ರಕ್ಕೆ ಕೈಗವಸು ತರಲು ತಿರುವನಂತಪುರದ ಚಾಲೈ ಬೀದಿಗೆ ಹೋಗಿದ್ದೆ. ಅಂಗಡಿಯವನು ಹೊಸ ಕಟ್ಟಿನ ದಾರ ಕತ್ತರಿಸಿದ. ಹೊಸ ತೊಗಲಿನ ವಾಸನೆ ಮುಖಕ್ಕೆ ಬಂದು ಬಡಿಯಿತು. ಒಂದು ಗವಸಿನೊಳಗೆ ಕೈ ತೂರಿಸಿದವನು ಹಾಗೇ ನಿಂತುಬಿಟ್ಟೆ.

"ಎಂತಾ ಚೇಟ್ಟಾ, ಸೈಜ್ ಆಗಲ್ವಾ?" ಎಂದ ಅವನು.

ಸೈಜ್ ಸರಿಯಾಗೇ ಇತ್ತು. ನನಗೆ ಎರಡು ವರ್ಷದ ಹಿಂದಿನ ಬೇಸಿಗೆ ನೆನಪಾಗಿ, ಆ ಅಂಗಡಿಯವನ ಮುಂದೆಯೂ ಮುಖ ಬಿಸಿಯಾಯಿತು.

ಆ ಬೇಸಿಗೆ ಏಲೂರಿನಲ್ಲಿ ಗಾಳಿಯೇ ಇರಲಿಲ್ಲ. ಪೆರಿಯಾರ್ ನದಿಯ ಕಡೆಯಿಂದ ಏನಾದರೂ ಬಂದರೆ ಅದು ಕಾರ್ಖಾನೆಯ ಘಾಟು. ತಗಡಿನ ಶೆಡ್ಡಿನೊಳಗೆ ಬೆಂಕಿ, ಹೊರಗೆ ಬಿಸಿಲು. ಅಂಥ ದಿನಗಳಲ್ಲಿ ತಿರುವನಂತಪುರದಿಂದ ಸಿಂಚನಾ ಎಂಬ ಹುಡುಗಿ ಬಂದಳು. ಅವಳ ಅಪ್ಪ ಮೈಸೂರು ಕಡೆಯವರು, ಬಾಹ್ಯಾಕಾಶದ ಕಚೇರಿಗೆ ವರ್ಗವಾಗಿ ಬಂದು ಅಲ್ಲೇ ನೆಲೆಸಿದವರು. ಅವಳು ಅಲ್ಲೇ ಬೆಳೆದವಳು. ನಾನು ಕನ್ನಡದಲ್ಲಿ ಮಾತಾಡಿಸಿದರೆ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲಿ ಬರುತ್ತಿತ್ತು.

ಅವಳ ಓದು, ಮನುಷ್ಯರು ಹೇಗೆ ಕಲಿಯುತ್ತಾರೆ ಎನ್ನುವುದರ ಬಗ್ಗೆ. ಆ ತತ್ವಗಳನ್ನು ಕಂಪ್ಯೂಟರಿನ ಜೊತೆ ಸೇರಿಸಿ, ಪಾಠ ಎಲ್ಲಿ ತಲುಪುತ್ತಿದೆ, ಎಲ್ಲಿ ತಲುಪುತ್ತಿಲ್ಲ ಎಂದು ಕಲಿಸುವವರಿಗೇ ತೋರಿಸುವುದು ಅವಳ ಕೆಲಸ. ಪ್ರಯೋಗಕ್ಕೆ ನಮ್ಮ ಕೇಂದ್ರ ಆಯ್ಕೆಯಾಗಿತ್ತು. ಕಲಿಯುವವರಿಗೆಲ್ಲ ಹೊಸ ಗವಸು ಬಂತು, ಕಲಿಸುವ ನನಗೂ ಜೋಸ್‌ಗೂ ಬಂತು. ಪ್ರತಿ ಗವಸಿನ ಮಣಿಕಟ್ಟಿನಲ್ಲಿ ಅಂಗಿಯ ಗುಂಡಿಯಷ್ಟು ಒಂದು ಚಿಪ್ ಹೊಲಿದಿತ್ತು. ರಾಡ್ ಕಚ್ಚಿಸುವ ಹೋಲ್ಡರ್ ಯಾರ ಕೈಯಲ್ಲಿದೆ ಎಂದು ಅದು ಕಂಪ್ಯೂಟರಿಗೆ ಹೇಳುತ್ತಿತ್ತು. ಸಂಜೆ ಗೋಡೆಯ ಟಿವಿಯಲ್ಲಿ ಪಟ್ಟಿಗಳು ಮೂಡುತ್ತಿದ್ದವು, ಸ್ವಲ್ಪ ನೀಲಿ, ಸ್ವಲ್ಪ ಕಿತ್ತಳೆ.

ಮೊದಲ ದಿನ ಅವಳು ನಮ್ಮನ್ನೆಲ್ಲ ಕೂರಿಸಿ ವಿವರಿಸಿದಳು. ಅರ್ಧ ಇಂಗ್ಲಿಷ್, ಅರ್ಧ ಮಲಯಾಳ. ಒಂದು ಸಲಕ್ಕೆ ಒಂದೇ ವಿಷಯ ಹೇಳಬೇಕು, ತಲೆಯಲ್ಲಿ ಜಾಗ ಕಡಿಮೆ ಎಂದಳು. ಆಸರೆ ಕೊಡಬೇಕು, ಆಮೇಲೆ ತೆಗೆಯಬೇಕು ಎಂದಳು. ತಾರಸಿ ಹಾಕುವಾಗ ಸೆಂಟ್ರಿಂಗ್ ಕೊಟ್ಟು ಕಾಂಕ್ರೀಟು ಗಟ್ಟಿಯಾದ ಮೇಲೆ ಬಿಚ್ಚುತ್ತಾರಲ್ಲ, ಹಾಗೆ ಎಂದು ನಾನೇ ಮನಸ್ಸಿನಲ್ಲಿ ಅಂದುಕೊಂಡೆ. ಅಲ್ಲಿಯವರೆಗೂ ಅರ್ಥವಾಗಿತ್ತು. ಪರದೆಯ ಮೇಲಿನ ಇಂಗ್ಲಿಷ್ ಅಕ್ಷರಗಳಿಗೆ ಬಂದಾಗ ನನಗೆ ಒಂಬತ್ತನೇ ತರಗತಿಯ ಬೆಂಚು ಕಂಡಿತು. ಸುಮ್ಮನೆ ತಲೆಯಾಡಿಸಿದೆ.

ಅವಳು ಗಮನಿಸಿರಬೇಕು. ಎಲ್ಲ ಎದ್ದ ಮೇಲೆ ಹತ್ತಿರ ಬಂದು, ಬೇಕಾದರೆ ಇನ್ನೊಮ್ಮೆ ಹೇಳುತ್ತೇನೆ ಅಂಕಲ್ ಎಂದು ಮಲಯಾಳದಲ್ಲಿ ಕೇಳಿದಳು.

"ಗೊತ್ತಾಯ್ತು ಬಿಡಮ್ಮ," ಎಂದೆ. "ನೀನು ಹುಟ್ಟೋಕೆ ಮುಂಚೆಯಿಂದ ರಾಡ್ ಹಿಡಿದೀನಿ."

ನನಗೆ ಓದಲು ಬಂದದ್ದು ಹೆಸರುಗಳು ಮಾತ್ರ. ಆ ಸಂಜೆ ಪರದೆಯಲ್ಲಿ ನನ್ನ ಹೆಸರಿನ ಮುಂದೆ ಉದ್ದಕ್ಕೆ ಕಿತ್ತಳೆ ಬಣ್ಣ ಇತ್ತು. ಜೋಸ್ ಹೆಸರಿನ ಮುಂದೆ ಕಿತ್ತಳೆ ಒಂದು ಬೆರಳಿನಷ್ಟು, ಉಳಿದದ್ದೆಲ್ಲ ನೀಲಿ. ಅಂಗಳದಾಚೆಯ ತನ್ನ ಶೆಡ್ಡಿನಲ್ಲಿ ಜೋಸ್ ಹೇಗೆ ಕಲಿಸುತ್ತಿದ್ದನೆಂದು ನಾನು ದಿನಾ ನೋಡುತ್ತಿದ್ದೆ. ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು, ಕಲಿಯುವವನ ಪಕ್ಕ ನಿಂತು, "ಏನು ಕೇಳಿಸ್ತು? ಏನು ಕೇಳಿಸ್ತು?" ಎಂದು ಕೇಳುತ್ತಿದ್ದ. ಅದು ನನಗೆ ಸೋಮಾರಿತನವಾಗಿ ಕಾಣುತ್ತಿತ್ತು. ಕಂಪ್ಯೂಟರಿಗೂ ಹಾಗೇ ಕಂಡಿದೆ ಎಂದು ಸಂತೋಷಪಟ್ಟೆ. ಕಿತ್ತಳೆ ಅಂದರೆ ಕಲಿಸಿದ್ದು ಎಂದು ತೀರ್ಮಾನ ಮಾಡಿಕೊಂಡೆ. ಯಾರನ್ನೂ ಕೇಳಲಿಲ್ಲ.

ನಮ್ಮ ಕಸುಬಿನ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಎರಡು ಪ್ಲೇಟು ಬೆಸೆಯುವಾಗ ತಳದ ಪದರಕ್ಕೆ ರೂಟ್ ಅನ್ನುತ್ತೇವೆ, ಮೇಲಿನ ಕೊನೆಯ ಪದರಕ್ಕೆ ಕ್ಯಾಪ್. ರೂಟ್ ಒಳಗೆ ಮುಚ್ಚಿಹೋಗುತ್ತದೆ, ಕ್ಯಾಪ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಹೆಲ್ಪರ್ ಏನೇ ಬೆಸೆದಿರಲಿ, ಕ್ಯಾಪ್ ಹೊಡೆಯುವುದು ಮೇಸ್ತ್ರಿ. ನನ್ನ ಮೇಸ್ತ್ರಿ ನನಗೂ ಹಾಗೇ ಮಾಡಿದ್ದ. ಕೈಯಿಂದ ಹೋಲ್ಡರ್ ಕಸಿದುಕೊಂಡು, ಭುಜದಲ್ಲಿ ಪಕ್ಕಕ್ಕೆ ತಳ್ಳಿ, ಮೀನಿನ ಪೊರೆಯಂಥ ಸಾಲು ಎಳೆದು, "ನೋಡಿದ್ಯಾ?" ಅನ್ನುತ್ತಿದ್ದ. ಅದನ್ನು ನಾನು ಪ್ರೀತಿ ಎಂದು ತಿಳಿದವನು, ನನ್ನ ಬಳಿ ಕಲಿಯುವವರಿಗೂ ಅದೇ ಪ್ರೀತಿ ತೋರಿಸುತ್ತಿದ್ದೆ. ನನ್ನ ಶೆಡ್ಡಿನಿಂದ ಹೊರಬಿದ್ದ ಒಂದು ಜಾಯಿಂಟೂ ಕೊಳಕಾಗಿ ಕಾಣುತ್ತಿರಲಿಲ್ಲ. ಅದು ನನ್ನ ಹೆಮ್ಮೆ.

ಆ ಬ್ಯಾಚಿನಲ್ಲಿ ಶೀಜಾ ಇದ್ದಳು. ಮೂವತ್ತೈದರ ಹೆಂಗಸು, ಏಲೂರಿನವಳೇ. ಸಿಗಡಿ ಸುಲಿಯುವ ಶೆಡ್ಡಿನಲ್ಲಿ ವರ್ಷಗಟ್ಟಲೆ ಐಸಿನಲ್ಲಿ ಕೈ ಅದ್ದಿ ಬೆರಳು ಮರಗಟ್ಟಿದವಳು. ಬೆಂಕಿಯ ಕೆಲಸ ಕಲಿತರೆ ಕೈಯಾದರೂ ಬೆಚ್ಚಗಿರುತ್ತದೆ ಎಂದು ಬಂದೆ ಎಂದು ಮೊದಲ ದಿನವೇ ಎಲ್ಲರನ್ನೂ ನಗಿಸಿದ್ದಳು. ಮಳೆಗಾಲಕ್ಕೆ ಮುಂಚೆ ಅಲ್ಲಿನ ಒಂದು ಕಾರ್ಖಾನೆಯಲ್ಲಿ ವಾರ್ಷಿಕ ರಿಪೇರಿ ಶುರುವಾಗುವುದಿತ್ತು. ಪರೀಕ್ಷೆಯಲ್ಲಿ ಪಾಸಾದ ಹೆಂಗಸರಿಗೂ ವೆಲ್ಡರ್ ಕೆಲಸ ಕೊಡುತ್ತೇವೆ ಎಂದು ಕಂಟ್ರಾಕ್ಟರ್ ಮೊದಲ ಸಲ ಒಪ್ಪಿದ್ದ. ಅವಳ ಕಣ್ಣೆಲ್ಲ ಆ ಪರೀಕ್ಷೆಯ ಮೇಲಿತ್ತು.

ಕಿತ್ತಳೆಯ ಹುಚ್ಚು ಹಿಡಿದ ಮೇಲೆ ನಾನು ಕ್ಯಾಪಿಗೆ ನಿಲ್ಲಲಿಲ್ಲ. ರೂಟಿಗೂ ಕೈ ಹಾಕಿದೆ. ಬೆಸುಗೆ ಸರಿಯಾಗಿದ್ದರೆ ಕಾದ ಎಣ್ಣೆಯಲ್ಲಿ ಹಪ್ಪಳ ಬಿಟ್ಟಂಥ ಒಂದೇ ಸಮನೆಯ ಸದ್ದು ಬರುತ್ತದೆ. ತಪ್ಪಿದರೆ ಚಟಪಟ ಅನ್ನುತ್ತದೆ. ಶೀಜಾಳ ಸದ್ದು ಚಟಪಟ ಅಂದ ಕೂಡಲೇ ನಾನು ಹೋಲ್ಡರ್ ಕಸಿದು ಸರಿ ಮಾಡಿಬಿಡುತ್ತಿದ್ದೆ.

ಒಂದು ದಿನ ಅವಳು ಹೆಲ್ಮೆಟ್ ಮೇಲೆತ್ತಿ, ತಣ್ಣಗಾಗುತ್ತಿದ್ದ ಜಾಯಿಂಟನ್ನೇ ನೋಡುತ್ತಾ ನಿಂತಳು. "ಆಶಾನೇ, ಫೋಟೋ ತೆಗೆದು ಮನೆಗೆ ಕಳಿಸಬೇಕು. ಇದು ನಾನು ಮಾಡಿದ್ದು ಅಂತ ಬರೀಲಾ, ನೀವು ಮಾಡಿದ್ದು ಅಂತ ಬರೀಲಾ?" ಎಂದು ಮಲಯಾಳದಲ್ಲಿ ಕೇಳಿದಳು.

"ಇಬ್ಬರೂ ಅಂತ ಬರಿ."

"ಹಾಗಾದ್ರೆ ಪರೀಕ್ಷೆಗೂ ಇಬ್ಬರೂ ಹೋಗೋಣ," ಎಂದಳು. ಶೆಡ್ಡೆಲ್ಲ ನಕ್ಕಿತು. ನಾನೂ ನಕ್ಕೆ.

ಸಿಂಚನಾ ವಾರಕ್ಕೊಮ್ಮೆ ಬರುತ್ತಿದ್ದಳು. ಎರಡನೇ ವಾರವೋ ಮೂರನೇ ವಾರವೋ, ಪರದೆಯ ಮುಂದೆ ನನ್ನನ್ನು ಕರೆದು, "ಅಂಕಲ್, ಆರೆಂಜ್ ಕೂಡಿಪ್ಪೋಯಿ," ಎಂದಳು. ಹೆಚ್ಚಾಗಿಬಿಟ್ಟಿದೆ ಎಂದರ್ಥ. ಮುಖ ಸಪ್ಪೆಯಾಗಿತ್ತು. ಬಿಸಿಲಿಗೆ ಸುಸ್ತಾಗಿದ್ದಾಳೆ ಅಂದುಕೊಂಡೆ.

"ಇಷ್ಟಕ್ಕೇ ಏನಾಯ್ತು? ಇನ್ನೂ ಜಾಸ್ತಿ ಮಾಡ್ತೀನಿ, ನೋಡ್ತಿರು," ಎಂದೆ.

ಅವಳು ಲ್ಯಾಪ್‌ಟಾಪ್ ಮುಚ್ಚಿಕೊಂಡು ಹೋದಳು.

ಮೇ ತಿಂಗಳಲ್ಲಿ ತಿರುವನಂತಪುರದಲ್ಲಿ ಒಂದು ಸಭೆ. ಬೇರೆ ಬೇರೆ ಕೇಂದ್ರಗಳವರು, ಮೇಷ್ಟ್ರುಗಳು, ದೊಡ್ಡ ದೊಡ್ಡ ಪ್ರೊಫೆಸರುಗಳು. ಸಿಂಚನಾ ನಮ್ಮ ಪ್ರಯೋಗವನ್ನು ಅಲ್ಲಿ ತೋರಿಸುವುದಿತ್ತು. ಪ್ರಿನ್ಸಿಪಾಲರು ನನ್ನನ್ನೂ ಜೋಸನನ್ನೂ ಕರೆದುಕೊಂಡು ಹೋದರು. ನಾನು ಮದುವೆಮನೆಗಳಿಗೆಂದು ತೆಗೆದಿಟ್ಟ ಬಿಳಿ ಅಂಗಿಗೆ ಇಸ್ತ್ರಿ ಮಾಡಿಸಿಕೊಂಡಿದ್ದೆ.

ಏಸಿ ಹಾಕಿದ ಹಾಲ್. ಸಿಂಚನಾ ಇಂಗ್ಲಿಷಿನಲ್ಲಿ ಮಾತಾಡಿದಳು. ದೊಡ್ಡ ಪರದೆಯ ಮೇಲೆ ಎರಡು ಪಟ್ಟಿ ಬಂದವು. ಹೆಸರು ಇರಲಿಲ್ಲ, ಒಂದಕ್ಕೆ ಎ, ಇನ್ನೊಂದಕ್ಕೆ ಬಿ ಎಂದಿತ್ತು. ಬಿ ಎಂದಿದ್ದದ್ದು ಉದ್ದಕ್ಕೂ ಕಿತ್ತಳೆ. ನಾನು ದಿನಾ ನೋಡಿದ ಪಟ್ಟಿ, ನನಗೆ ಗುರುತು ಸಿಗದೆ ಇರುತ್ತದೆಯೇ? ಅವಳು ಅದನ್ನೇ ತೋರಿಸುತ್ತಾ ಬಹಳ ಹೊತ್ತು ಮಾತಾಡಿದಳು. ಜನ ಬರೆದುಕೊಳ್ಳುತ್ತಿದ್ದರು. ಇಷ್ಟು ಹೊಗಳುವಾಗ ಹೆಸರು ಹೇಳದಿದ್ದರೆ ಹೇಗೆ ಎಂದು ನನಗೆ ಸಂಕಟವಾಗತೊಡಗಿತು. ನಮ್ಮ ಹುಡುಗಿ, ಮರೆತಿದ್ದಾಳೆ ಅಂದುಕೊಂಡೆ.

ಎದ್ದು ನಿಂತೆ. "ಮೇಡಂ, ಅದು ನಂದು," ಎಂದು ಮಲಯಾಳದಲ್ಲಿ ಹೇಳಿದೆ. "ಆ ಕಿತ್ತಳೆ ಪಟ್ಟಿ ನನ್ನದು. ಏಲೂರಿನ ರುದ್ರೇಶ್."

ಜೋಸ್ ನನ್ನ ಅಂಗಿಯ ತುದಿ ಹಿಡಿದು ಎಳೆದ. "ಇರಿಕ್ಕ್ ಆಶಾನೇ, ಕೂತ್ಕೊ, ಕೂತ್ಕೊ."

ಮುಂದಿನ ಸಾಲಿನಲ್ಲಿದ್ದ ನರೆಗೂದಲಿನ ಪ್ರೊಫೆಸರಮ್ಮ ತಿರುಗಿ ನೋಡಿದರು. ಕೆಟ್ಟ ಮಾತಿನವರಲ್ಲ, ಮೃದುವಾಗೇ ಕೇಳಿದರು. "ಮೊದಲಿನಿಂದಲೂ ಹೀಗೇ ಕಲಿಸುತ್ತಿದ್ದೀರಾ?"

"ಮೊದಲಿನಿಂದಲೂ. ಈ ತಿಂಗಳು ಇನ್ನೂ ಜಾಸ್ತಿ ಮಾಡಿದೀನಿ."

ಹಿಂದಿನಿಂದ ಒಂದು ನಗು ಬಂತು. ಆಮೇಲೆ ಅದು ಸಾಲಿನಿಂದ ಸಾಲಿಗೆ ಹಬ್ಬಿತು. ಪ್ರೊಫೆಸರಮ್ಮ ನಗಲಿಲ್ಲ. ಸಿಂಚನಾ ನೆಲ ನೋಡುತ್ತಿದ್ದಳು. ಏನೋ ತಪ್ಪಾಗಿದೆ ಎಂದು ಗೊತ್ತಾಯಿತು, ಏನೆಂದು ಮಾತ್ರ ಗೊತ್ತಾಗಲಿಲ್ಲ. ನಗುವವರ ಜೊತೆ ನಾನೂ ಸ್ವಲ್ಪ ನಕ್ಕು ಕುಳಿತೆ. ಈಗಲೂ ನೆನಪಾದಾಗ ಮೈ ಉರಿಯುವುದು ಆ ನಗೆಗೆ, ನಾನು ನಕ್ಕದ್ದಕ್ಕೆ.

ಚಹಾದ ಹೊತ್ತಿಗೆ ಸಿಂಚನಾ ನನ್ನನ್ನು ಹೊರಗೆ, ರಸ್ತೆ ಬದಿಯ ಚಹಾದಂಗಡಿಗೆ ಕರೆದುಕೊಂಡು ಹೋದಳು. ಅಲ್ಲಿ ಅವಳು ಮೊದಲ ಸಲ ಕನ್ನಡದಲ್ಲಿ ಮಾತಾಡಿದಳು. ಒಂದೊಂದು ಮಾತನ್ನೂ ಹುಡುಕಿ ತೆಗೆದಳು.

"ಅಂಕಲ್, ಆ ಆರೆಂಜ್... ಅದು ಒಳ್ಳೇದಲ್ಲ. ನೀಲಿ ಕಲಿಯೋರ ಕೈ. ಆರೆಂಜ್ ನಿಮ್ಮ ಕೈ. ದಿನಾ ದಿನಾ ನೀಲಿ ಜಾಸ್ತಿ ಆಗ್ಬೇಕು."

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದೆ. ನೀವು ಜಾಸ್ತಿ ಮಾಡ್ತೀನಿ ನೋಡ್ತಿರು ಅಂದ್ರಿ. ನನ್ನ ಗೇಲಿ ಮಾಡ್ತಿದೀರ ಅಂದ್ಕೊಂಡೆ. ನಂಗೆ ಭಯ ಆಯ್ತು, ಅಂಕಲ್."

ನಾನು ಸೋಲಲಿಲ್ಲ. "ಕೆಲಸ ಕೆಡ್ತಾ ಇದ್ರೆ ನೋಡ್ತಾ ನಿಂತ್ಕೊಳ್ಳೋದಾ? ಯಾವ ಪುಸ್ತಕದಲ್ಲಿ ಬರೆದಿದೆ ಅದು?"

"ಕೆಡಬೇಕು. ಕೆಟ್ಟಿದ್ದು ಅವ್ರಿಗೇ ಗೊತ್ತಾಗ್ಬೇಕು, ಅವ್ರೇ ಸರಿ ಮಾಡ್ಬೇಕು. ಅವಾಗ್ಲೇ ಕಲಿಯೋದು." ಫೋನ್ ತೆಗೆದು ಶೀಜಾಳ ಪಟ್ಟಿ ತೋರಿಸಿದಳು. "ಇಲ್ಲಿ ನೋಡಿ. ತಪ್ಪಾದ ಮೇಲೆ ಶೀಜಾ ಚೇಚಿ ತಾನೇ ಸರಿ ಮಾಡ್ಕೊಂಡಿದ್ದು ಒಂದ್ಸಲಾನೂ ಇಲ್ಲ. ಅಷ್ಟರಲ್ಲಿ ನೀವು ತಗೊಂಡಿರ್ತೀರ."

ಕಿತ್ತಳೆಯ ನಡುವೆ ನೀಲಿ ಕೂದಲೆಳೆಯಷ್ಟು ಇತ್ತು. ಇವಳು ನನ್ನ ಹೆಸರು ಮುಚ್ಚಿಟ್ಟದ್ದು ನನ್ನ ಮರ್ಯಾದೆ ಉಳಿಸಲು. ಅದನ್ನು ನಾನೇ ಎದ್ದು ನಿಂತು ಬಿಚ್ಚಿದ್ದೆ.

ಪರೀಕ್ಷೆಗೆ ಉಳಿದದ್ದು ಬೆರಳೆಣಿಕೆಯ ದಿನಗಳು. ಏಲೂರಿಗೆ ಮರಳಿದವನು ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಅದೆಷ್ಟು ಕಷ್ಟ ಎಂದರೆ, ಚಟಪಟ ಕೇಳಿದ ಕೂಡಲೇ ಹೆಗಲು ತಾನಾಗಿಯೇ ಮುಂದೆ ಹೋಗುತ್ತಿತ್ತು. ಶೀಜಾಳ ರಾಡ್ ಪ್ಲೇಟಿಗೆ ಅಂಟಿಕೊಂಡಿತು, ಕಿತ್ತಳು, ಮತ್ತೆ ಅಂಟಿಕೊಂಡಿತು. ಅವಳು ತಿರುಗಿ ನನ್ನನ್ನೇ ನೋಡಿದಳು.

"ಎಂತಾ ಆಶಾನೇ, ಕೋಪವಾ? ನಾನೇನು ಮಾಡಿದೆ?"

"ಏನಿಲ್ಲ. ನೀನೇ ಮಾಡು."

"ಇಷ್ಟು ದಿನ ಇಲ್ಲದ್ದು ಇವತ್ತಾ?"

ಕಾರಣ ಹೇಳಬಹುದಿತ್ತು. ತಿರುವನಂತಪುರದಲ್ಲಿ ಏನಾಯಿತು ಎಂದು ಹೇಳಿದ್ದರೆ ಅವಳು ಅರ್ಥ ಮಾಡಿಕೊಳ್ಳುತ್ತಿದ್ದಳು, ಉಳಿದ ದಿನಗಳನ್ನು ಜೋಸ್ ಬಳಿಯಾದರೂ ಕಳೆಯುತ್ತಿದ್ದಳು. ಹೇಳಲು ನಾಚಿಕೆಯಾಯಿತು. ನನ್ನ ಮರ್ಯಾದೆ ಉಳಿಸಿಕೊಳ್ಳಲು ಹೋಗಿ ಅವಳ ಆ ದಿನಗಳೂ ಹಾಳಾದವು.

ಪರೀಕ್ಷೆಯಲ್ಲಿ ಬೆಸೆದ ಪ್ಲೇಟಿನಿಂದ ಒಂದು ಪಟ್ಟಿ ಕತ್ತರಿಸಿ ಪ್ರೆಸ್ಸಿನಲ್ಲಿಟ್ಟು ಬಗ್ಗಿಸುತ್ತಾರೆ. ರೂಟ್ ಗಟ್ಟಿಯಿದ್ದರೆ ಕಬ್ಬಿಣ ಬಳ್ಳಿಯ ಹಾಗೆ ಬಾಗುತ್ತದೆ. ಶೀಜಾಳ ಕ್ಯಾಪ್ ನೋಡಲು ಅಷ್ಟೇನೂ ಕೆಟ್ಟದಾಗಿರಲಿಲ್ಲ. ಪ್ರೆಸ್ ಇಳಿಯಿತು. ಪಟ್ಟಿ ಅರ್ಧ ಬಾಗುವಷ್ಟರಲ್ಲಿ ತಳದಲ್ಲಿ ಬಾಯಿ ಬಿಟ್ಟಿತು. ಇನ್ಸ್‌ಪೆಕ್ಟರ್ ಅದನ್ನು ಅವಳ ಕೈಗೆ ಕೊಟ್ಟು ಮುಂದಿನವರನ್ನು ಕರೆದ.

ಅವಳು ಅಳಲಿಲ್ಲ. ನನ್ನ ಹತ್ತಿರ ಬಂದು ಬಿರುಕಿನಲ್ಲಿ ಉಗುರು ಆಡಿಸುತ್ತಾ ನಿಂತಳು. "ಸದ್ದು ಕೆಟ್ಟಿತು, ಆಶಾನೇ. ಕೆಟ್ಟಿದ್ದು ಕೇಳಿಸ್ತು. ಆಮೇಲೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ಆಮೇಲಿನದ್ದನ್ನು ನಾನು ಯಾವತ್ತೂ ಮಾಡೇ ಇಲ್ವಲ್ಲ?"

ಅವಳು ಬೈದಿದ್ದರೆ ಚೆನ್ನಾಗಿತ್ತು. ಅವಳು ನಿಜವಾಗಿಯೂ ಕೇಳುತ್ತಿದ್ದಳು.

ರಿಪೇರಿ ಕೆಲಸ ಅವಳಿಲ್ಲದೆ ಶುರುವಾಯಿತು, ಮಳೆಯೂ ಶುರುವಾಯಿತು. ಅವಳು ಸಿಗಡಿ ಶೆಡ್ಡಿಗೆ ವಾಪಸು ಹೋದಳು. ಆಮೇಲೆ ಒಂದು ಬೆಳಿಗ್ಗೆ ಕೊಡೆ ಮಡಚುತ್ತಾ ಕೇಂದ್ರಕ್ಕೆ ಬಂದು, ಇನ್ನೊಮ್ಮೆ ಕಲಿಯುತ್ತೇನೆ, ಜೋಸ್ ಆಶಾನ್ ಬಳಿ ಹಾಕಿ ಎಂದು ಪ್ರಿನ್ಸಿಪಾಲರನ್ನು ಕೇಳಿದಳು. ನಾನು ಅಲ್ಲೇ ಇದ್ದೆ. ನಾನಿದ್ದೇನೆ ಎಂದು ಅವಳು ದನಿ ತಗ್ಗಿಸಲೂ ಇಲ್ಲ, ಏರಿಸಲೂ ಇಲ್ಲ. ಅವಳ ಹೆಲ್ಮೆಟ್ಟೂ ಗವಸೂ ನನ್ನ ಶೆಡ್ಡಿನಲ್ಲಿದ್ದವು. ನಾನೇ ಎತ್ತಿಕೊಂಡು ಅಂಗಳ ದಾಟಿ ಜೋಸ್ ಶೆಡ್ಡಿಗೆ ಹೋದೆ. ಮಳೆಗೆ ನಾನು ನೆನೆದೆ, ಗವಸು ನೆನೆಯದಂತೆ ಹೆಲ್ಮೆಟ್ಟಿನೊಳಗೆ ತುರುಕಿದ್ದೆ.

"ಅಲ್ಲಿಡು ಆಶಾನೇ," ಎಂದ ಜೋಸ್.

ಆ ಮಳೆಗಾಲವೆಲ್ಲ ಅಂಗಳದ ಆಚೆಯಿಂದ ಅವಳ ಸದ್ದು ಕೇಳುತ್ತಿದ್ದೆ. ಚಟಪಟ. ಸದ್ದಿಲ್ಲ. ಮತ್ತೆ ಚಟಪಟ. "ಏನು ಕೇಳಿಸ್ತು?" ಎನ್ನುವ ಜೋಸ್. ಒಂದು ದಿನ ಚಟಪಟ ಅಂದದ್ದು, ಬೇರೆ ಯಾರೂ ಮುಟ್ಟದೆ, ಅವಳ ಕೈಯಲ್ಲೇ ಹದಕ್ಕೆ ಬಂದು ಹಪ್ಪಳದ ಸದ್ದಾಯಿತು. ನನ್ನ ಕೈಯಲ್ಲಿ ಗ್ರೈಂಡರ್ ಇತ್ತು, ಆಫ್ ಮಾಡಿ ಪೂರ್ತಿ ಕೇಳಿದೆ.

ಆ ದಿನಗಳಲ್ಲೇ ಸಿಂಚನಾಳನ್ನು ಕೇಳಿದೆ, "ಆ ಪರದೆ ಓದೋದು ಹೇಳ್ಕೊಡಮ್ಮ." ಅವಳು ನನ್ನ ಪಕ್ಕ ಕುಳಿತು ಮೊದಲ ಪದಕ್ಕೆ ಬೆರಳಿಟ್ಟಳು. ಓದಿ ಹೇಳುತ್ತಾಳೆ ಎಂದು ಕಾದೆ. ಹೇಳಲಿಲ್ಲ. ನಾನು ಒಂದೊಂದೇ ಅಕ್ಷರ ಕೂಡಿಸುತ್ತಾ, ಬಿಡಿಸುತ್ತಾ, ಬೆವರುತ್ತಾ ಕುಳಿತೆ. "ಹೇಳ್ಬಿಡಮ್ಮ, ಸಾಕು," ಎಂದೆ. ಅವಳು ತಲೆಯಲ್ಲಾಡಿಸಿದಳು. ಬಾಗಿಲಲ್ಲಿ ಕಲಿಯುವವರಿಬ್ಬರು ನಿಂತು ನೋಡುತ್ತಿದ್ದರು. ಯಾರೂ ನಗಲಿಲ್ಲ, ಆದರೂ ಎದ್ದು ಹೋಗಬೇಕು ಅನ್ನಿಸಿತು. ಹೋಗಲಿಲ್ಲ. ಕೊನೆಗೆ ಪದ ಬಂತು, 'ಲರ್ನರ್'. ಕಲಿಯುವವ ಎಂದು ಅವಳು ಕನ್ನಡದಲ್ಲಿ ಹೇಳಿದಳು.

ಮಳೆ ಮುಗಿದ ಮೇಲಿನ ಪರೀಕ್ಷೆಯಲ್ಲಿ ಶೀಜಾ ಪಾಸಾದಳು. ಅವಳ ಪಟ್ಟಿ ಪ್ರೆಸ್ಸಿನಲ್ಲಿ ಬಾಗಿದ್ದನ್ನು ನಾನು ನೋಡಲಿಲ್ಲ, ಹೋಗಲು ಧೈರ್ಯವಾಗಲಿಲ್ಲ.

ಈಚೆಗೆ ಕೊಚ್ಚಿಯ ವೈಟ್ಟಿಲ ಬಸ್ ನಿಲ್ದಾಣದಲ್ಲಿ ಕಂಡಳು. ಕಂಟ್ರಾಕ್ಟರನ ನೀಲಿ ಕೋಟು ತೊಟ್ಟ ನಾಲ್ಕೈದು ಜನರ ನಡುವೆ ನಿಂತು ಏನೋ ಹೇಳಿ ನಗಿಸುತ್ತಿದ್ದಳು. ನಾನು ಕಂಬದ ಮರೆಗೆ ಸರಿಯುವಷ್ಟರಲ್ಲಿ "ಆಶಾನೇ!" ಎಂದು ಕೂಗಿದಳು. ಕೈ ಬೀಸಿ ಹತ್ತಿರ ಕರೆದು, ಜೊತೆಯವರಿಗೆ ಪರಿಚಯ ಮಾಡಿಸಿದಳು.

"ಇವರು ರುದ್ರೇಶ್ ಆಶಾನ್. ನನಗೆ ಕಲಿಸಿದ ಜೋಸ್ ಆಶಾನ್ ಇದಾರಲ್ಲ, ಅವರ ಕೇಂದ್ರದಲ್ಲೇ ಇರೋದು."

ಚುಚ್ಚುವುದಕ್ಕೆ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು. ಊಟ ಆಯ್ತಾ ಎಂದು ಕೇಳಿದೆ, ಆಯ್ತು ಎಂದಳು. ಅವರ ಬಸ್ಸು ಬಂತು.

ಈಗ ನನ್ನ ಶೆಡ್ಡಿನಲ್ಲಿ ಆರು ಮೆಷಿನ್ ಇವೆ, ಹನ್ನೊಂದು ಮಂದಿ ಕಲಿಯುತ್ತಿದ್ದಾರೆ. ಪರದೆಯ ಮೇಲಿನ ಪದಗಳನ್ನು ನಿಧಾನವಾಗಿಯಾದರೂ ಯಾರನ್ನೂ ಕೇಳದೆ ಓದುತ್ತೇನೆ. ನಾನು ಹೋಲ್ಡರ್ ಮುಟ್ಟದೆ ಕಲಿಸಿದವರಲ್ಲಿ ಪರೀಕ್ಷೆ ದಾಟಿದವರು ಇಲ್ಲಿಯವರೆಗೆ ಇಬ್ಬರು.